ಬೆಂಚಿನ ಬಲ



ಇವತ್ತು ವಾಲಿಬಾಲ್ ಬಗ್ಗೆ ಮಾತಾಡೋಣ. ಅದರಲ್ಲೂ ಒಂದೇ ಒಂದು ಸಂಗತಿ: ದೇಶದ ತಂಡವನ್ನು ಹೇಗೆ ಕಟ್ಟುತ್ತಾರೆ? ಅಂಕಣದಲ್ಲಿ ಆಡುವವರು 6 ಮಂದಿ. ಆದರೆ ವಿಶ್ವ ಚಾಂಪಿಯನ್‌ಷಿಪ್‌ಗೆ ಹೊರಡುವ ತಂಡದ ಪಟ್ಟಿಯಲ್ಲಿ 14 ಹೆಸರುಗಳಿರುತ್ತವೆ. ಉಳಿದ 8 ಮಂದಿಗೆ ಏನು ಕೆಲಸ? ಯಾರಿಗಾದರೂ ಗಾಯವಾಗಲಿ ಎಂದು ಕಾಯುತ್ತಾ ಕೂರುವುದೇ? ಖಂಡಿತ ಅಲ್ಲ. ದೊಡ್ಡ ಟೂರ್ನಿಯನ್ನು ಗೆದ್ದುಕೊಡುವುದು ಇಡೀ ಪಟ್ಟಿ. ಬೆಂಚಿನ ಮೇಲಿರುವವರ ಬಲವೇ ತಂಡದ ನಿಜವಾದ ಬಲ. ಈ ಮಾತು ಏಕೆ ಸತ್ಯ ಎನ್ನುವುದನ್ನು ಮುಂದಿನ ಕೆಲವು ನಿಮಿಷಗಳಲ್ಲಿ ನಿಮಗೆ ತಿಳಿಸಬೇಕೆಂದಿದ್ದೇನೆ.

ಉದಾಹರಣೆಗೆ 2022ರ ಪುರುಷರ ವಿಶ್ವ ಚಾಂಪಿಯನ್‌ಷಿಪ್ ತೆಗೆದುಕೊಳ್ಳೋಣ. ಅದು ನಡೆಯಬೇಕಿದ್ದುದು ರಷ್ಯಾದಲ್ಲಿ. ಆ ವರ್ಷದ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ಯುದ್ಧಕ್ಕಿಳಿಯಿತು. ಟೂರ್ನಿ ರಷ್ಯಾದ ಕೈತಪ್ಪಿತು. ಪೋಲೆಂಡ್ ಮತ್ತು ಸ್ಲೊವೇನಿಯಾ ದೇಶಗಳು ಸೇರಿ ಅದನ್ನು ನಡೆಸಿಕೊಟ್ಟವು. ರಷ್ಯಾದ ಜಾಗದಲ್ಲಿ ಆಡಲು ಉಕ್ರೇನ್‌ಗೆ ಅವಕಾಶ ಸಿಕ್ಕಿತು. ಆ ತಂಡ ಎಂಟರ ಘಟ್ಟದವರೆಗೂ ಹೋಯಿತು. ಒಟ್ಟು 24 ದೇಶಗಳು, ದೇಶಕ್ಕೆ 14 ಆಟಗಾರರು. ಅಂದರೆ ಹತ್ತಿರಹತ್ತಿರ 340 ಮಂದಿ.

ಕೊನೆಯ ಪಂದ್ಯ ನಡೆದದ್ದು ಸೆಪ್ಟೆಂಬರ್ 11ರಂದು, ಪೋಲೆಂಡಿನ ಕಾತೊವಿತ್ಸೆ ನಗರದಲ್ಲಿ. ಅಲ್ಲಿನ ಸ್ಪೊಡೆಕ್ ಕ್ರೀಡಾಂಗಣ ದುಂಡಗಿನ, ದೊಡ್ಡ ಚಾವಣಿಯ ಒಳಾಂಗಣ. ಸಾವಿರಾರು ಜನ. ಎಲ್ಲಿ ನೋಡಿದರೂ ಬಿಳಿ ಮತ್ತು ಕೆಂಪು, ಪೋಲೆಂಡಿನ ಬಾವುಟದ ಬಣ್ಣ. ಇದೇ ಕ್ರೀಡಾಂಗಣದಲ್ಲಿ 2014ರಲ್ಲಿ ಪೋಲೆಂಡ್ ವಿಶ್ವ ಚಾಂಪಿಯನ್ ಆಗಿತ್ತು. 2018ರಲ್ಲೂ ಪ್ರಶಸ್ತಿ ಅದರದೇ. ಈಗ ಸತತ ಮೂರನೆಯದಕ್ಕೆ ಕಾದಿತ್ತು. ಎದುರಿಗೆ ಇಟಲಿ. ಮೊದಲ ಸೆಟ್ ಪೋಲೆಂಡ್ ಗೆದ್ದಿತು. ಆಮೇಲಿನ ಮೂರೂ ಸೆಟ್ ಇಟಲಿಯ ಪಾಲಾದವು. 24 ವರ್ಷಗಳ ನಂತರ ಇಟಲಿ ಮತ್ತೆ ವಿಶ್ವ ಚಾಂಪಿಯನ್ ಆಯಿತು.

ಗೆದ್ದ ಆ ತಂಡದ ಪಟ್ಟಿಯನ್ನು ಈಗ ಬಿಡಿಸಿ ನೋಡೋಣ. ಹೆಸರುಗಳು ಹೊಸವು ಅನ್ನಿಸಿದರೆ ಚಿಂತೆಯಿಲ್ಲ, ಕೆಲಸ ಯಾವುದು ಎನ್ನುವುದರ ಕಡೆ ಗಮನ ಕೊಡಿ.

ಇಬ್ಬರು ಸೆಟ್ಟರ್‌ಗಳು: ನಾಯಕ ಸಿಮೋನೆ ಜನ್ನೆಲ್ಲಿ, ಜೊತೆಗೆ ರಿಕ್ಕಾರ್ದೊ ಸ್ಬೆರ್ತೊಲಿ. ಸೆಟ್ಟರ್ ಅಂದರೆ ಎರಡನೆಯ ಸ್ಪರ್ಶದಲ್ಲಿ ಚೆಂಡನ್ನು ಹದವಾಗಿ ಎತ್ತಿ ಕೊಡುವವನು. ನಮ್ಮ ಊರುಗಳಲ್ಲಿ ಅವನನ್ನು ಲಿಫ್ಟರ್ ಅಂತಲೂ ಕರೆಯುತ್ತೇವೆ. ಇಬ್ಬರು ಆಪೊಸಿಟ್‌ಗಳು: ಯೂರಿ ರೊಮಾನೊ ಮತ್ತು ಜೂಲಿಯೊ ಪಿನಾಲಿ. ಇವರು ಸೆಟ್ಟರ್‌ಗೆ ಓರೆಯಾಗಿ, ಎದುರು ಮೂಲೆಯಲ್ಲಿ ನಿಲ್ಲುವವರು. ಹೊಡೆತದ ಭಾರ ಹೆಚ್ಚಾಗಿ ಇವರ ಮೇಲೆ. ನಾಲ್ವರು ಪಕ್ಕದ ದಾಳಿಗಾರರು: ಮಿಕಿಯೆಲೆಟ್ಟೊ, ಲಾವಿಯಾ, ರೆಚಿನೆ, ಬೊತ್ತೊಲೊ. ಇವರು ಸರ್ವಿಸ್ ತೆಗೆದುಕೊಳ್ಳಬೇಕು, ಸ್ಮ್ಯಾಶ್ ಕೂಡ ಹೊಡೆಯಬೇಕು. ನೆಟ್ ಬಳಿ ಎದುರಾಳಿಯ ಹೊಡೆತ ತಡೆಯುವ ನಾಲ್ವರು ಮಧ್ಯದ ಬ್ಲಾಕರ್‌ಗಳು: ಗಲಾಸ್ಸಿ, ರುಸ್ಸೊ, ಆಂಜಾನಿ, ಮೋಸ್ಕಾ. ಕೊನೆಗೆ, ನೆಲ ಕಾಯುವ ಇಬ್ಬರು ಲಿಬೆರೊಗಳು: ಬಲಾಸೊ ಮತ್ತು ಸ್ಕಾನ್‌ಫೆರ್ಲಾ.

ಎರಡು, ಎರಡು, ನಾಲ್ಕು, ನಾಲ್ಕು, ಎರಡು. ಒಟ್ಟು 14. ಫೈನಲ್‌ನಲ್ಲಿ ಸೋತ ಪೋಲೆಂಡ್ ತಂಡದ ಲೆಕ್ಕವೂ ಇದೇ. ದೇಶದ 14 ಅತ್ಯುತ್ತಮ ಹೊಡೆತಗಾರರನ್ನು ಆರಿಸಿ ಕಳಿಸಿದರೆ ಅದು ತಂಡ ಆಗುವುದಿಲ್ಲ. ಐದಾರು ಮಂದಿ ರಾಜವೇಷದವರನ್ನೇ ಕಟ್ಟಿಕೊಂಡು ಹೊರಟರೆ ಯಕ್ಷಗಾನ ಮೇಳ ಹೇಗೆ ರಾತ್ರಿ ದಾಟುವುದಿಲ್ಲವೋ, ಹಾಗೆ. ಬಣ್ಣದ ವೇಷ ಬೇಕು, ಸ್ತ್ರೀವೇಷ ಬೇಕು, ಹಾಸ್ಯ ಬೇಕು. ಒಬ್ಬರಿಗೆ ಜ್ವರ ಬಂದರೆ ಆ ವೇಷ ಕಟ್ಟಬಲ್ಲ ಇನ್ನೊಬ್ಬರೂ ಬೇಕು.

ಇಷ್ಟು ಹೊತ್ತು ಕೇಳಿದ್ದು, 14 ಹೆಸರುಗಳು ಐದು ಬಗೆಯ ಕೆಲಸಗಳಿಗೆ ಹಂಚಿಹೋಗಿವೆ ಎನ್ನುವುದು. ಈಗ ಮುಂದಿನ ಪ್ರಶ್ನೆ. ಪ್ರತಿ ಕೆಲಸಕ್ಕೂ ಹೆಚ್ಚಿನ ಆಳು ಏಕೆ ಬೇಕು?

ಇದಕ್ಕೆ ಉತ್ತರ ಆಟದ ನಿಯಮದಲ್ಲೇ ಇದೆ. ವಾಲಿಬಾಲ್‌ನಲ್ಲಿ ಒಬ್ಬನೇ ಒಂದೇ ಜಾಗದಲ್ಲಿ ಉಳಿಯುವಂತಿಲ್ಲ. ಮುಂದಿನ ಸಾಲಿನಲ್ಲಿ ಮೂವರು, ಹಿಂದಿನ ಸಾಲಿನಲ್ಲಿ ಮೂವರು. ಎದುರಾಳಿಯಿಂದ ಸರ್ವಿಸ್ ಕಸಿದುಕೊಂಡಾಗಲೆಲ್ಲ ಇಡೀ ತಂಡ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಒಂದೊಂದು ಜಾಗ ಸರಿಯಬೇಕು. ಮುಂದಿದ್ದವನು ಹಿಂದೆ ಹೋಗುತ್ತಾನೆ, ಹಿಂದಿದ್ದವನು ಮುಂದೆ ಬರುತ್ತಾನೆ. ಎತ್ತರದ ಬ್ಲಾಕರ್ ನೆಟ್ ಬಳಿ ಇದ್ದಾಗ ಕೋಟೆ. ಅದೇ ಆಳು ಹಿಂದಿನ ಸಾಲಿಗೆ ಬಂದರೆ, ನೆಲಕ್ಕೆ ಬೀಳುವ ಚೆಂಡನ್ನು ಬಗ್ಗಿ ತೆಗೆಯುವುದು ಕಷ್ಟ.

ಅದಕ್ಕೇ ಲಿಬೆರೊ ಬಂದದ್ದು. ಅಂತರರಾಷ್ಟ್ರೀಯ ಆಟದಲ್ಲಿ 1998ರಿಂದ ಈ ಆಟಗಾರನಿದ್ದಾನೆ. ಅವನ ಅಂಗಿಯ ಬಣ್ಣವೇ ಬೇರೆ. ಬ್ಲಾಕರ್ ಹಿಂದಿನ ಸಾಲಿಗೆ ಬಂದ ಕೂಡಲೇ ಅವನು ಹೊರಗೆ, ಲಿಬೆರೊ ಒಳಗೆ. ಲಿಬೆರೊ ಬ್ಲಾಕ್ ಮಾಡುವಂತಿಲ್ಲ, ನೆಟ್‌ಗಿಂತ ಮೇಲಿರುವ ಚೆಂಡನ್ನು ಎದುರಾಳಿಯತ್ತ ಹೊಡೆಯುವಂತಿಲ್ಲ. ನೆಲ ಕಾಯುವುದೊಂದೇ ಅವನ ಧರ್ಮ. ಎದುರಾಳಿಯ ಸರ್ವಿಸ್ ಮತ್ತು ಸ್ಮ್ಯಾಶ್ ತೆಗೆದು ಸೆಟ್ಟರ್‌ನ ಕೈಗೆ ಮುಟ್ಟಿಸಬೇಕು. ಅವನ ಬದಲಾವಣೆಗಳಿಗೆ ಲೆಕ್ಕವಿಲ್ಲ, ಎಷ್ಟು ಸಲ ಬೇಕಾದರೂ ಬಂದು ಹೋಗಬಹುದು. 2022ರಲ್ಲಿ ಟೂರ್ನಿಯ ಶ್ರೇಷ್ಠ ಲಿಬೆರೊ ಎನಿಸಿಕೊಂಡವರು ಇಟಲಿಯ ಫಾಬಿಯೊ ಬಲಾಸೊ. ಸ್ಮ್ಯಾಶ್ ಹೊಡೆದವನಿಗೆ ಬೀಳುವ ಚಪ್ಪಾಳೆಯಲ್ಲಿ ಇಂಥವರ ಪಾಲೂ ಇದೆ ಎನ್ನುವುದನ್ನು ಮರೆಯಬಾರದು.

ಲಿಬೆರೊ ವಿಷಯ ಆಯಿತು. ಈಗ ಎರಡನೆಯ ಸೆಟ್ಟರ್ ಮತ್ತು ಎರಡನೆಯ ಆಪೊಸಿಟ್ ವಿಷಯಕ್ಕೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕಣ್ಣು ಮುಚ್ಚಿ ಅಂಕಣವನ್ನು ಮನಸ್ಸಿಗೆ ತಂದುಕೊಳ್ಳಿ.

ಸೆಟ್ಟರ್ ಹಿಂದಿನ ಸಾಲಿನಲ್ಲಿದ್ದಾನೆ ಎಂದಿಟ್ಟುಕೊಳ್ಳಿ. ಅವನು ಹಿಂದಿನಿಂದ ಓಡಿ ಬಂದು ಚೆಂಡೆತ್ತುತ್ತಾನೆ. ನೆಟ್ ಬಳಿ ಹೊಡೆಯಲು ಮೂವರು ಸಿದ್ಧ. ಎದುರಾಳಿಗೆ ಯಾರನ್ನು ತಡೆಯುವುದೋ ತಿಳಿಯದು. ಈಗ ತಂಡ ಸರಿದು ಸರಿದು ಸೆಟ್ಟರ್ ಮುಂದಿನ ಸಾಲಿಗೆ ಬಂದ. ಮುಂದಿರುವ ಮೂವರಲ್ಲಿ ಒಬ್ಬ ಸೆಟ್ಟರೇ. ಹೊಡೆಯುವವರು ಇಬ್ಬರೇ ಉಳಿದರು. ಓರೆ ಮೂಲೆಯಲ್ಲಿರುವ ಆಪೊಸಿಟ್ ಆಗ ಹಿಂದಿನ ಸಾಲಿನಲ್ಲಿರುತ್ತಾನೆ. ದಾಳಿಯ ಬಲ ತಗ್ಗಿತು.

ಇಂಥ ಹೊತ್ತಿನಲ್ಲಿ ಕೋಚ್ ಇಬ್ಬರನ್ನು ಒಟ್ಟಿಗೆ ಎಬ್ಬಿಸುತ್ತಾನೆ. ಮುಂದಿನ ಸಾಲಿನ ಸೆಟ್ಟರ್ ಜಾಗಕ್ಕೆ ಎರಡನೆಯ ಆಪೊಸಿಟ್ ಬರುತ್ತಾನೆ. ಹಿಂದಿನ ಸಾಲಿನ ಆಪೊಸಿಟ್ ಜಾಗಕ್ಕೆ ಎರಡನೆಯ ಸೆಟ್ಟರ್ ಬರುತ್ತಾನೆ. ಒಂದೇ ಏಟಿಗೆ ನೆಟ್ ಬಳಿ ಮತ್ತೆ ಮೂವರು ಹೊಡೆತಗಾರರು. ಸೆಟ್ಟರ್ ಮತ್ತೆ ಹಿಂದಿನ ಸಾಲಿನಲ್ಲಿ. ಮೂರು ಸುತ್ತು ಹೀಗೆ ಆಡಿ, ಆಮೇಲೆ ಮೊದಲಿನ ಇಬ್ಬರೂ ತಮ್ಮ ತಮ್ಮ ಜಾಗಕ್ಕೆ ವಾಪಸು.

ಈಗ ಲೆಕ್ಕ ಕೇಳಿ. ಒಂದು ಸೆಟ್‌ನಲ್ಲಿ 6 ಬದಲಾವಣೆಗಳಿಗೆ ಮಾತ್ರ ಅವಕಾಶ. ಈ ಜೋಡಿ ಬದಲಾವಣೆಗೆ ಹೋಗುವಾಗ ಎರಡು, ಬರುವಾಗ ಎರಡು, ಒಟ್ಟು ನಾಲ್ಕು ಖರ್ಚು. ಉಳಿಯುವುದು ಎರಡೇ. ಹೊರಗೆ ಹೋದವನು ತನ್ನ ಜಾಗಕ್ಕೆ ಬಂದವನ ಬದಲಿಗೆ ಮಾತ್ರ ಹಿಂದಿರುಗಬಹುದು, ಅದೂ ಆ ಸೆಟ್‌ನಲ್ಲಿ ಒಂದೇ ಸಲ. ಹಾಗಾಗಿ ಕೋಚ್ ಯೋಚಿಸದೆ ಆ ಜೋಡಿಯನ್ನು ಕಳಿಸುವುದಿಲ್ಲ. ಪೋಲೆಂಡ್ ಪಟ್ಟಿಯಲ್ಲಿ ಮುಖ್ಯ ಸೆಟ್ಟರ್ ಮಾರ್ಚಿನ್ ಯಾನುಶ್, ಮುಖ್ಯ ಆಪೊಸಿಟ್ ನಾಯಕ ಬಾರ್ತೊಶ್ ಕುರೆಕ್. ಅವರ ಹಿಂದೆ ಸೆಟ್ಟರ್ ವೊಮಾಚ್, ಆಪೊಸಿಟ್ ಕಚ್ಮಾರೆಕ್. ಹಿಂದಿರುವ ಈ ಜೋಡಿ ಬೆವರೂ ಬಿಚ್ಚದ ಮೈಯಲ್ಲಿ, 20-20 ಅಂಕಗಳ ಬಿಗುವಿನಲ್ಲಿ ಒಳಗೆ ಬರಬೇಕಾಗುತ್ತದೆ. ಬಂದ ಮೊದಲ ಚೆಂಡಿನಲ್ಲೇ ತಪ್ಪಿಲ್ಲದೆ ಆಡಬೇಕು. ಮೊದಲಿನಿಂದ ಆಡುತ್ತಿರುವವನಿಗಿಂತ ಇವನ ಕೆಲಸ ಕಠಿಣ ಎಂದು ನನ್ನ ಅಭಿಪ್ರಾಯ.

ಈವರೆಗೆ ಎರಡು ಅಂಶ ನೋಡಿದೆವು. ಪಟ್ಟಿಯಲ್ಲಿ ಕೆಲಸ ಹಂಚಿಕೆ ಇದೆ. ಆ ಹಂಚಿಕೆಗೆ ಆಟದ ನಿಯಮವೇ ಕಾರಣ. ಇನ್ನು ಮೂರನೆಯದು: ಆ ಹೆಸರುಗಳನ್ನು ಆರಿಸುವ ಧೈರ್ಯ.

2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಎಂಟರ ಘಟ್ಟದಲ್ಲಿ ಇಟಲಿ ಅರ್ಜೆಂಟೀನಾಗೆ ಸೋತು ಹೊರಬಿತ್ತು. ಒಸ್ಮಾನಿ ಹುವಾಂತೊರೆನಾ, ಇವಾನ್ ಜೈತ್ಸೆವ್ ಅಂಥ ಘಟಾನುಘಟಿಗಳಿದ್ದ ತಂಡ ಅದು. ಆಮೇಲೆ ಕೋಚ್ ಆಗಿ ಬಂದವರು ಫೆರ್ದಿನಾಂದೊ ದೆ ಜೋರ್ಜಿ. ಅವರು ಹೊಸ ಹುಡುಗರನ್ನು ನಂಬಿದರು. ಕೆಲವೇ ವಾರಗಳಲ್ಲಿ ಯುರೋಪಿನ ಪ್ರಶಸ್ತಿ ಬಂತು. ಮರುವರ್ಷ ವಿಶ್ವ ಪ್ರಶಸ್ತಿ. 2022ರ ಆ ಪಟ್ಟಿಯಲ್ಲಿ ಹಿಂದಿನ ಇಬ್ಬರೂ ದಿಗ್ಗಜರ ಹೆಸರಿರಲಿಲ್ಲ. ಬ್ಲಾಕರ್ ಆಂಜಾನಿಗೆ 30 ವರ್ಷ, ಅವರೇ ತಂಡದ ಹಿರಿಯ. ನಾಯಕ ಜನ್ನೆಲ್ಲಿಗೆ 26. ಎಡಗೈ ಹೊಡೆತದ ಮಿಕಿಯೆಲೆಟ್ಟೊಗೆ 20.

ಈ ಪಟ್ಟಿಯಲ್ಲಿ ನನಗೆ ಬಹಳ ಮೆಚ್ಚುಗೆಯಾದ ಹೆಸರು ಯೂರಿ ರೊಮಾನೊ. ಕೆಲವರು ಹದಿನೆಂಟಕ್ಕೇ ದೊಡ್ಡ ಕ್ಲಬ್ ಸೇರುತ್ತಾರೆ. ರೊಮಾನೊ ಹಾಗಲ್ಲ. 2021ರವರೆಗೆ ಅವರು ಆಡಿದ್ದು ಇಟಲಿಯ ಎರಡನೆಯ ದರ್ಜೆಯ ಲೀಗ್‌ನಲ್ಲಿ. ಅಲ್ಲಿ ಟಿ.ವಿ. ಕ್ಯಾಮೆರಾಗಳು ಕಡಿಮೆ, ಪತ್ರಿಕೆಗಳ ಗಮನ ಕಡಿಮೆ. ಆದರೂ ಆಯ್ಕೆಯವರ ಕಣ್ಣು ಅಲ್ಲಿಗೆ ಹೋಯಿತು. ಒಂದೇ ವರ್ಷದಲ್ಲಿ ಅವರು ವಿಶ್ವ ಚಾಂಪಿಯನ್ ತಂಡದ ಮುಖ್ಯ ಆಪೊಸಿಟ್. ಆಯ್ಕೆ ಎಂದರೆ ಹೀಗಿರಬೇಕು. ದೊಡ್ಡ ಹೆಸರಿನವರ ಪಟ್ಟಿಯನ್ನು ಯಾರು ಬೇಕಾದರೂ ಬರೆದಾರು. ಚಿಕ್ಕ ಮೈದಾನದಲ್ಲಿ ಆಡುತ್ತಿರುವವನನ್ನು ಹುಡುಕಿ ತರುವುದಕ್ಕೆ ಕಣ್ಣು ಬೇಕು, ಎದೆಗಾರಿಕೆ ಬೇಕು.

ದೆ ಜೋರ್ಜಿಯವರಿಗೆ ಈ ಕಣ್ಣು ಎಲ್ಲಿಂದ ಬಂತು? ಅವರ ಆಟದ ದಿನಗಳಿಂದಲೇ ಎಂದು ನಾನು ನಂಬುತ್ತೇನೆ. 1990, 1994 ಮತ್ತು 1998ರಲ್ಲಿ ಇಟಲಿ ಸತತ ಮೂರು ಸಲ ವಿಶ್ವ ಚಾಂಪಿಯನ್ ಆಯಿತು. ಆ ಮೂರೂ ತಂಡಗಳಲ್ಲಿ ದೆ ಜೋರ್ಜಿ ಇದ್ದರು. ಅವರೂ ಸೆಟ್ಟರೇ. ಎತ್ತರದವರ ಆಟದಲ್ಲಿ ಅಷ್ಟೇನೂ ಎತ್ತರವಿಲ್ಲದ ಆಳು. 1990ರಲ್ಲೂ 1994ರಲ್ಲೂ ತಂಡದ ಮುಖ್ಯ ಸೆಟ್ಟರ್ ಪಾವೊಲೊ ತೊಫೊಲಿ. ದೆ ಜೋರ್ಜಿಯವರದು ಎರಡನೆಯವನ ಪಾತ್ರ. ಬೆಂಚಿನ ಮೇಲಿಂದ ಇಡೀ ಆಟವನ್ನು ನೋಡಬೇಕು, ಕರೆದಾಗ ಎದ್ದು ಹೋಗಿ ಆಡಬೇಕು. ಹಾಗೆ ಪಳಗಿದವರು ಕೋಚ್ ಆದಾಗ ತಮ್ಮ 14ನೆಯ ಆಟಗಾರನನ್ನೂ ಮರೆಯಲಾರರು.

ಇನ್ನೊಂದು ಮಾತು ಇಲ್ಲಿ ಸೇರಿಸಬೇಕು. ಈ ಪಟ್ಟಿಗಳ ನಡುವೆ ಗೋಡೆಗಳಿಲ್ಲ. 2017ರಲ್ಲಿ ದೆ ಜೋರ್ಜಿ ಪೋಲೆಂಡ್ ತಂಡಕ್ಕೇ ಕೋಚ್ ಆಗಿದ್ದರು. 2022ರ ಫೈನಲ್‌ನಲ್ಲಿ ಪೋಲೆಂಡ್ ಕೋಚ್ ಆಗಿದ್ದವರು ಸರ್ಬಿಯಾದ ನಿಕೊಲಾ ಗ್ರಬಿಚ್, 2000ದ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾಗೆ ಚಿನ್ನ ಗೆದ್ದುಕೊಟ್ಟ ತಂಡದ ಸೆಟ್ಟರ್. ಹಿಂದಿನ ಋತುವಿನಲ್ಲಿ ಅವರು ಇಟಲಿಯ ಪೆರುಜಾ ಕ್ಲಬ್‌ನ ಕೋಚ್. ಆ ಕ್ಲಬ್‌ನ ಸೆಟ್ಟರ್ ಯಾರು ಗೊತ್ತೇ? ಇದೇ ಜನ್ನೆಲ್ಲಿ. ಅಂದರೆ ಎದುರಾಳಿಯ ಮೆದುಳು ಹೇಗೆ ಓಡುತ್ತದೆ ಎನ್ನುವುದು ಗ್ರಬಿಚ್‌ಗೆ ಚೆನ್ನಾಗಿ ಗೊತ್ತಿತ್ತು. ಆದರೂ ಜನ್ನೆಲ್ಲಿಯನ್ನು ಕಟ್ಟಿಹಾಕಲು ಆಗಲಿಲ್ಲ. ಟೂರ್ನಿಯ ಅತ್ಯಮೂಲ್ಯ ಆಟಗಾರ ಎಂಬ ಗೌರವ ಅವರಿಗೇ ಬಂತು.

ಪೋಲೆಂಡ್ ಪಟ್ಟಿಯಲ್ಲಿ ಒಂದು ದೊಡ್ಡ ಖಾಲಿ ಜಾಗವೂ ಇತ್ತು. ಕ್ಯೂಬಾದಲ್ಲಿ ಹುಟ್ಟಿ ಪೋಲೆಂಡಿನ ಪರ ಆಡುವ ವಿಲ್ಫ್ರೆಡೊ ಲಿಯೊನ್ ಮಂಡಿಯ ತೊಂದರೆಯಿಂದ ಹೊರಗಿದ್ದರು. ಜಗತ್ತಿನ ಅತಿ ಪ್ರಬಲ ಸರ್ವಿಸ್‌ಗಳಲ್ಲಿ ಅವರದೂ ಒಂದು. ಅವರಿಲ್ಲದೆಯೂ ಪೋಲೆಂಡ್ ಎಂಟರ ಘಟ್ಟದಲ್ಲಿ ಅಮೆರಿಕವನ್ನು, ನಾಲ್ಕರ ಘಟ್ಟದಲ್ಲಿ ಬ್ರೆಜಿಲನ್ನು, ಎರಡೂ ಸಲ ಐದು ಸೆಟ್ ಆಡಿ ಸೋಲಿಸಿತು. ಕಮಿಲ್ ಸೆಮೆನ್ಯುಕ್ ಟೂರ್ನಿಯ ಶ್ರೇಷ್ಠ ದಾಳಿಗಾರರಲ್ಲಿ ಒಬ್ಬರೆನಿಸಿದರು. ಒಬ್ಬ ಮಹಾನ್ ಆಟಗಾರ ಇಲ್ಲದಾಗ ತಂಡ ಕುಸಿಯದೆ ನಿಂತರೆ, ಆ ದೇಶದಲ್ಲಿ ವಾಲಿಬಾಲ್ ಬೇರು ಬಿಟ್ಟಿದೆ ಎಂದು ಅರ್ಥ.

ಹೀಗೆ ಮೂರು ಅಂಶ ಆದವು. ಹಂಚಿಕೆ, ನಿಯಮ, ಆಯ್ಕೆಯ ಧೈರ್ಯ. ನಾಲ್ಕನೆಯದು ಕಾಲದ ಪರೀಕ್ಷೆ. ಬೆಂಚಿನಲ್ಲಿ ಕೂತವನು ಮುಂದೆ ಏನಾಗುತ್ತಾನೆ?

ಇದಕ್ಕೆ 2025ರ ವಿಶ್ವ ಚಾಂಪಿಯನ್‌ಷಿಪ್ ಉತ್ತರ ಕೊಟ್ಟಿತು. ಅದು ನಡೆದದ್ದು ಫಿಲಿಪ್ಪೀನ್ಸ್‌ನಲ್ಲಿ. ಈ ಸಲ 32 ತಂಡಗಳು. ಒಲಿಂಪಿಕ್ ಚಾಂಪಿಯನ್ ಫ್ರಾನ್ಸ್, ಬ್ರೆಜಿಲ್, ಜಪಾನ್ ಮೊದಲ ಸುತ್ತಿನಲ್ಲೇ ಮನೆಗೆ ಹೋದವು. ಇಟಲಿಯೂ ಗುಂಪಿನಲ್ಲಿ ಬೆಲ್ಜಿಯಂಗೆ ಸೋತಿತ್ತು. ಮೇಲಾಗಿ 2022ರ ಶ್ರೇಷ್ಠ ದಾಳಿಗಾರರಲ್ಲಿ ಒಬ್ಬರಾದ ದಾನಿಯೆಲೆ ಲಾವಿಯಾ ಟೂರ್ನಿಗೆ ಮೊದಲೇ ಗಾಯಗೊಂಡು ಹೊರಬಿದ್ದಿದ್ದರು. ಅವರ ಜಾಗ ತುಂಬಿದವರು ಮತ್ತಿಯಾ ಬೊತ್ತೊಲೊ. ಆಗಲೇ ಓದಿದ ಪಟ್ಟಿಯಲ್ಲಿ ನಾಲ್ವರು ಪಕ್ಕದ ದಾಳಿಗಾರರಲ್ಲಿ ಕೊನೆಯ ಹೆಸರು ಅದು. 2022ರಲ್ಲಿ ಅವರಿಗೆ 22 ವರ್ಷ, ಜಾಗ ಹೆಚ್ಚಾಗಿ ಬೆಂಚಿನ ಮೇಲೆ.

2025ರ ಸೆಪ್ಟೆಂಬರ್ 28ರಂದು ಫೈನಲ್. ಎದುರಾಳಿ ಬಲ್ಗೇರಿಯಾ. ಅದೂ ಬಲು ಚೆಂದದ ತಂಡ. ಅಲೆಕ್ಸಾಂದರ್ ಮತ್ತು ಸಿಮೆಯೊನ್ ನಿಕೊಲೊವ್ ಎಂಬ ಅಣ್ಣತಮ್ಮಂದಿರು ಅದರಲ್ಲಿದ್ದರು. ತಂದೆ ವ್ಲಾದಿಮಿರ್ ಕೂಡ ಬಲ್ಗೇರಿಯಾದ ಹೆಸರಾಂತ ಆಟಗಾರ. ತಮ್ಮ ಸಿಮೆಯೊನ್ 18ರ ಹುಡುಗ, ಅವನೇ ತಂಡದ ಸೆಟ್ಟರ್. ಅಂಥ ಹುರುಪಿನ ತಂಡವನ್ನು ಇಟಲಿ 3-1ರಿಂದ ಸೋಲಿಸಿತು. ಕೊನೆಯ ಸೆಟ್ 25-10. ಅಂದು ಇಟಲಿಯ ಪರ ಹೆಚ್ಚು ಅಂಕ ತಂದವರು ಇಬ್ಬರು. ಒಬ್ಬರು ಎರಡನೆಯ ದರ್ಜೆಯ ಲೀಗ್‌ನಿಂದ ಬಂದ ರೊಮಾನೊ. ಇನ್ನೊಬ್ಬರು ಬೆಂಚಿನಿಂದ ಎದ್ದು ಬಂದ ಬೊತ್ತೊಲೊ. ಇಬ್ಬರದೂ 20ರ ಆಸುಪಾಸು. ಬೊತ್ತೊಲೊ ಅವರ ಸರ್ವಿಸ್‌ಗೆ ಬಲ್ಗೇರಿಯಾದ ಹಿಂದಿನ ಸಾಲು ತತ್ತರಿಸಿತು.

ಯೋಚಿಸಿ ನೋಡಿ. 2022ರಲ್ಲಿ ಆ ಹುಡುಗನಿಗೆ ಪಟ್ಟಿಯಲ್ಲಿ ಒಂದು ಜಾಗ ಕೊಟ್ಟಿರದಿದ್ದರೆ? ದೊಡ್ಡ ಟೂರ್ನಿಯ ಗದ್ದಲ, ಕೊನೆಯ ಅಂಕಗಳ ಒತ್ತಡ, ಹಿರಿಯರ ಜೊತೆಗಿನ ಅಭ್ಯಾಸ, ಇವು ಯಾವುದೂ ಮೂರು ವರ್ಷದ ನಂತರ ಥಟ್ಟನೆ ಸಿಗುತ್ತಿರಲಿಲ್ಲ. ಬೆಂಚಿನ ಮೇಲೆ ಕೂತದ್ದು ವ್ಯರ್ಥ ಕಾಲವಾಗಿರಲಿಲ್ಲ. ಅದು ಕಲಿಕೆಯ ಕಾಲವಾಗಿತ್ತು.

ಈಗ ನಮ್ಮ ಕಡೆಗೆ ಬರೋಣ. ಈ ಕತೆಗೂ ನಮಗೂ ಸಂಬಂಧವಿದೆ. 1952ರಲ್ಲಿ ಮಾಸ್ಕೋದಲ್ಲಿ ಎರಡನೆಯ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಆಡಿದ 11 ತಂಡಗಳಲ್ಲಿ ಭಾರತವೂ ಒಂದು. 1962ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ನಮಗೆ ಬೆಳ್ಳಿ. 1986ರ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ ಕಂಚು. ಆ ಕಂಚಿನ ತಂಡದಲ್ಲಿದ್ದ ಕೇರಳದ ಜಿಮ್ಮಿ ಜಾರ್ಜ್ ಇಟಲಿಯ ಕ್ಲಬ್‌ಗಳಲ್ಲಿ ಆಡಿ ಅಲ್ಲಿನ ಜನರ ಪ್ರೀತಿ ಗಳಿಸಿದ್ದರು. ಮರುವರ್ಷ ಇಟಲಿಯಲ್ಲೇ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

2023ರ ಡಿಸೆಂಬರ್‌ನಲ್ಲಿ ಪುರುಷರ ಕ್ಲಬ್ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಬೆಂಗಳೂರಿನ ಕೋರಮಂಗಲದ ಒಳಾಂಗಣ ಕ್ರೀಡಾಂಗಣದಲ್ಲಿ. ಗೆದ್ದದ್ದು ಪೆರುಜಾ. ಕಾತೊವಿತ್ಸೆಯಲ್ಲಿ ನೆಟ್‌ನ ಆಚೆ ಈಚೆ ನಿಂತಿದ್ದ ಜನ್ನೆಲ್ಲಿ ಮತ್ತು ಸೆಮೆನ್ಯುಕ್ ಇಲ್ಲಿ ಒಂದೇ ಕ್ಲಬ್‌ನ ಆಟಗಾರರು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತ ತಂಡ ಬಲಿಷ್ಠ ದಕ್ಷಿಣ ಕೊರಿಯಾವನ್ನು ಐದು ಸೆಟ್‌ಗಳಲ್ಲಿ ಮಣಿಸಿತು. ಆ ತಂಡದ ಮಧ್ಯದ ಬ್ಲಾಕರ್ ನಮ್ಮ ಕರ್ನಾಟಕದ ಅಶ್ವಲ್ ರೈ. ಕೊನೆಗೆ ನಮಗೆ 6ನೇ ಸ್ಥಾನ. ಒಂದು ದೊಡ್ಡ ಗೆಲುವು ಸಾಧಿಸಬಲ್ಲ 6 ಮಂದಿ ನಮ್ಮಲ್ಲಿದ್ದಾರೆ ಎಂದು ಕೊರಿಯಾ ವಿರುದ್ಧದ ಆ ಪಂದ್ಯ ತೋರಿಸಿತು. ವಾರಗಟ್ಟಲೆ, ಪಂದ್ಯದ ಮೇಲೆ ಪಂದ್ಯ ಅದೇ ಮಟ್ಟದಲ್ಲಿ ಆಡುವ 14 ಮಂದಿಯನ್ನು ನಾವಿನ್ನು ಬೆಳೆಸಬೇಕು.

ಬೆಳೆಸುವ ಕೆಲಸ ದೆಹಲಿಯಲ್ಲೋ ಬೆಂಗಳೂರಿನಲ್ಲೋ ಮಾತ್ರ ಆಗುವುದಲ್ಲ. ಕರಾವಳಿಯಲ್ಲಿ, ಮಲೆನಾಡಿನಲ್ಲಿ, ಬಯಲುಸೀಮೆಯಲ್ಲಿ ಶಾಲಾ ಮೈದಾನಗಳಲ್ಲಿ ವಾಲಿಬಾಲ್ ನೆಟ್ ಕಟ್ಟಿರುತ್ತದೆ. ಅಲ್ಲಿ ನಾವು ಸಾಮಾನ್ಯವಾಗಿ ಮಾಡುವುದೇನು? ಜೋರಾಗಿ ಹೊಡೆಯುವ ಹುಡುಗನ ಸುತ್ತ ತಂಡ ಕಟ್ಟುತ್ತೇವೆ. ಚೆಂಡೆತ್ತುವವನು ಯಾರಾದರೂ ಆದೀತು ಅನ್ನುತ್ತೇವೆ. ಕುಳ್ಳಗಿದ್ದಾನೆ ಎಂದು ಚುರುಕು ಹುಡುಗನನ್ನು ಹೊರಗಿಡುತ್ತೇವೆ. ನಾಳೆ ಒಳ್ಳೆಯ ಲಿಬೆರೊ ಆಗಬಹುದಾಗಿದ್ದವನು ಅವನೇ.

ದೈಹಿಕ ಶಿಕ್ಷಕರಲ್ಲಿ, ಊರಿನ ಯುವಕ ಸಂಘಗಳ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೆ. ತಂಡಕ್ಕೆ ಒಬ್ಬರಲ್ಲ, ಇಬ್ಬರು ಸೆಟ್ಟರ್‌ಗಳನ್ನು ತಯಾರು ಮಾಡಿ. ನೆಲ ಕಾಯುವ ಹುಡುಗನಿಗೂ ಪ್ರೈಜ್ ಕೊಡಿ. ಅಭ್ಯಾಸ ಪಂದ್ಯದಲ್ಲಿ ಒಂದು ಸೆಟ್ ಪೂರ್ತಿಯಾಗಿ ಬದಲಿ ಆಟಗಾರರಿಗೆ ಬಿಟ್ಟುಕೊಡಿ. ಸೋತರೂ ಪರವಾಗಿಲ್ಲ. ಕೂತು ಕಾಯುವುದೂ ಆಟದ ಭಾಗ, ಆದರೆ ಎದ್ದು ಆಡುವ ಸರದಿ ಬಂದೇ ಬರುತ್ತದೆ ಎನ್ನುವ ಭರವಸೆ ಆ ಮಕ್ಕಳಿಗೆ ಸಿಗಬೇಕು. ಅಪ್ಪ ಅಮ್ಮಂದಿರಲ್ಲೂ ಒಂದು ಮಾತು: ಮಗ ಅಥವಾ ಮಗಳು ತಂಡದ ಹನ್ನೆರಡನೆಯ ಹೆಸರಾಗಿದ್ದರೆ ಬೇಸರ ಪಡಬೇಡಿ. ಪಂದ್ಯಕ್ಕೆ ಹೋಗಿ, ನೋಡಿ, ಹುರಿದುಂಬಿಸಿ.

ಇನ್ನು ಕೇಳುಗರಾದ ನಿಮ್ಮಲ್ಲಿ. ಮುಂದಿನ ಸಲ ಪತ್ರಿಕೆಯಲ್ಲಿ ಭಾರತ ತಂಡದ ಪಟ್ಟಿ ಬಂದಾಗ ನಾಯಕನ ಹೆಸರು ಓದಿ ಪುಟ ತಿರುಗಿಸಬೇಡಿ. ಕೊನೆಯ ಹೆಸರಿನವರೆಗೂ ಓದಿ. ಸೆಟ್ಟರ್ ಎಷ್ಟು ಮಂದಿ, ಲಿಬೆರೊ ಯಾರು, ಹೊಸ ಹುಡುಗರು ಎಷ್ಟು ಎಂದು ಲೆಕ್ಕ ಹಾಕಿ. ಪಟ್ಟಿ ಸರಿಯಿಲ್ಲ ಅನ್ನಿಸಿದರೆ ಪ್ರಶ್ನೆ ಕೇಳಿ. ಹಾಗೆ ಓದುವ ಜನ ಹೆಚ್ಚಾದಷ್ಟೂ ಪಟ್ಟಿ ಬರೆಯುವವರ ಹೊಣೆಯೂ ಹೆಚ್ಚುತ್ತದೆ.